ಅಪ್ಪನ ರೋಡ್‌ಕಿಂಗ್ ಮತ್ತೆ ಓಡೀತೇ?

ಪ್ರಶ್ನೆ: ಸರ್, ನಮ್ಮದು ಹಾಸನದ ಹತ್ತಿರದ ಹಳ್ಳಿ. ಅಪ್ಪನ 1984ರ ಯೆಜ್ಡಿ ರೋಡ್‌ಕಿಂಗ್ 2009ರಿಂದ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಆರ್.ಸಿ. ಅವಧಿಯೂ ಅದೇ ವರ್ಷ ಮುಗಿದಿದೆ. ಹೋದ ವರ್ಷ ಅಪ್ಪ ತೀರಿಕೊಂಡರು. ಗಾಡಿ ಮತ್ತೆ ಓಡಬೇಕು ಅನ್ನೋದು ನನ್ನ ಆಸೆ. ಅಣ್ಣ ಗುಜರಿಗೆ ಹಾಕು ಅಂತಾನೆ. ಅಮ್ಮ ಏನೂ ಹೇಳಲ್ಲ, ಆದರೆ ಮಾರೋ ಮಾತು ಬಂದರೆ ಎದ್ದು ಹೋಗ್ತಾರೆ. ಕಿಕ್ಕರ್ ಅಲ್ಲಾಡ್ತಿಲ್ಲ. ಊರಿನ ಮೆಕ್ಯಾನಿಕ್ "ಎಂಜಿನ್ ಜಾಮ್ ಆಗಿದೆ, ನನ್ನ ಹತ್ರ ಇನ್ನೊಂದಿದೆ, ಅದನ್ನೇ ಕೂರಿಸೋಣ" ಅಂದ. ಟೂ-ಸ್ಟ್ರೋಕ್ ಬ್ಯಾನ್ ಆಗಿದೆ ಅಂತ ಒಬ್ಬರು, ವಿಂಟೇಜ್ ನಂಬರ್ ಮಾಡಿಸಲೇಬೇಕು ಅಂತ ಇನ್ನೊಬ್ಬರು. ಒಬ್ಬರು ಇದ್ದ ಹಾಗೇ 60,000ಕ್ಕೆ ಕೇಳ್ತಿದ್ದಾರೆ. ಸರಿ ಮಾಡಿಸಿದರೆ ದಿನಾ ಆಫೀಸಿಗೆ ಓಡಿಸಬಹುದಾ? ಅಥವಾ ಇದೆಲ್ಲ ದುಡ್ಡು ದಂಡವಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಎಲ್ಲದರ ಅಡಿಯಲ್ಲಿರುವ ಚಿಂತೆ ಒಂದೇ: ಅಪ್ಪನ ಗಾಡಿಯ ಮೇಲಿನ ಪ್ರೀತಿಗೆ ಬಿದ್ದು ನಾನು ತಪ್ಪು ಹೆಜ್ಜೆ ಇಡ್ತಿದ್ದೀನಾ ಅನ್ನುವುದು. ನೀವು ಬರೆದಿರುವುದನ್ನು ನೋಡಿದರೆ ಈ ಗಾಡಿ ಓಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಎಂಜಿನ್ ಜಾಮ್ ಆಗಿರುವುದು ನಿಮಗೆ ದೊಡ್ಡ ಕಷ್ಟ ಅನ್ನಿಸಿದೆ. ನನ್ನ ಕೆಲಸದಲ್ಲಿ ನಾನು ಕಂಡದ್ದು ಬೇರೆ. ಯೆಜ್ಡಿಯ ಎಂಜಿನ್ ಸರಿ ಮಾಡುವುದು ಸುಲಭದ ಭಾಗ. ಕಾಗದಪತ್ರ, ಮತ್ತು ಗಾಡಿಯ ಜೊತೆ ಬಂದ ಮೂಲ ಸಾಮಾನು, ಇವೆರಡು ಕೈತಪ್ಪಿದರೆ ಮತ್ತೆ ತರುವುದು ಕಷ್ಟ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಈ ಎರಡನ್ನು ಕಾಪಾಡಿಕೊಳ್ಳಿ.

ಮೊದಲು ಊರಿನವರ ಮಾತು. ಟೂ-ಸ್ಟ್ರೋಕ್ ಬೈಕ್, ಅಂದರೆ ನಿಮ್ಮದರ ಹಾಗೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಬೈಕ್, ಇಟ್ಟುಕೊಳ್ಳುವುದಕ್ಕಾಗಲೀ ಓಡಿಸುವುದಕ್ಕಾಗಲೀ ಕರ್ನಾಟಕದಲ್ಲಿ ನಿಷೇಧವಿಲ್ಲ. ಹೊಗೆಯ ನಿಯಮ ಬಿಗಿಯಾಗುತ್ತಾ ಬಂದಂತೆ ಕಂಪನಿಗಳು ಟೂ-ಸ್ಟ್ರೋಕ್ ಬೈಕ್ ತಯಾರಿಸುವುದನ್ನು ನಿಲ್ಲಿಸಿದವು, ಅಷ್ಟೇ. ಬೆಂಗಳೂರಿನಲ್ಲಿ ಹಳೇ ಟೂ-ಸ್ಟ್ರೋಕ್ ಆಟೊಗಳನ್ನು ತೆಗೆಸಲು ಸರಕಾರ ಹೊರಟಿತ್ತಲ್ಲ, ಜನ ಅದನ್ನೇ ಬೈಕಿಗೂ ಸೇರಿಸಿ ಹೇಳುತ್ತಾರೆ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ತೊಂದರೆ ಕೊಟ್ಟ ಆದೇಶಗಳಿವೆ. ಅವು ಅಲ್ಲಿಯವು. ನಿಮ್ಮ ಗಾಡಿಗೆ ಹೊಗೆ ತಪಾಸಣೆ ಬೇಕೇ ಬೇಕು. ಆದರೆ ಅದಕ್ಕೆ ಇವತ್ತಿನ ಬೈಕಿನ ಅಳತೆ ಹಾಕುವುದಿಲ್ಲ. 2000ದ ಮಾರ್ಚ್ 31ಕ್ಕೂ ಮೊದಲು ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮಾನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9000 ಪಿಪಿಎಂ ತನಕ ಅವಕಾಶ ಇದೆ. ಕಾರ್ಬ್ಯುರೇಟರ್ (ಪೆಟ್ರೋಲು ಗಾಳಿ ಬೆರೆಸುವ ಭಾಗ) ಸರಿಯಾಗಿ ಟ್ಯೂನ್ ಆದ ಯೆಜ್ಡಿ ಇದರೊಳಗೆ ಬರುತ್ತದೆ.

ಇನ್ನು ವಿಂಟೇಜ್ ನಂಬರ್. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಲ್ಲಿ ವಿಂಟೇಜ್ ಅಂದರೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿ. ನಿಮ್ಮದು 1984ರದ್ದು, ಇನ್ನೂ ಆ ವಯಸ್ಸಾಗಿಲ್ಲ. ವಯಸ್ಸಾದ ಮೇಲೂ ನೀವು ಅದನ್ನು ಕೇಳಿಕೊಂಡು ಹೋಗದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಶುಲ್ಕ 20,000 ರೂಪಾಯಿ. ನಿಮಗೆ ಬೇಕಿರುವುದು ಮಾಮೂಲಿ ಆರ್.ಸಿ. ನವೀಕರಣ.

ಅವಧಿ ಮುಗಿಯುವುದು ಬೇರೆ, ನೋಂದಣಿ ರದ್ದಾಗುವುದು ಬೇರೆ. ನಿಮ್ಮದು ಮುಗಿದಿದೆ, ಅಷ್ಟೇ. ಗಾಡಿ ಮೊದಲು ನೋಂದಣಿಯಾದ ಆರ್.ಟಿ.ಒ. ಕಚೇರಿಗೆ ಆರ್.ಸಿ. ಪುಸ್ತಕ ಹಿಡಿದುಕೊಂಡು ಹೋಗಿ, ದಾಖಲೆ ಹೇಗಿದೆ ಅಂತ ಕೇಳಿ. 1984ರದ್ದು ಅಂದರೆ ಕೆ.ಎ. ಬರುವುದಕ್ಕೂ ಮುಂಚಿನ ನಂಬರ್. ಇಂಥ ಎಷ್ಟೋ ಗಾಡಿಗಳ ವಿವರ ಇನ್ನೂ ಹಳೇ ರಿಜಿಸ್ಟರಿನಲ್ಲೇ ಇರುತ್ತದೆ, ಕಂಪ್ಯೂಟರಿಗೆ ಏರಿರುವುದಿಲ್ಲ. ಆಗ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ. ಇದಕ್ಕೆ ತಾಳ್ಮೆ ಬೇಕು. ಎರಡು ಮೂರು ಸಲ ಓಡಾಡಿಸಿದರೆ ಬೇಜಾರಾಗಬೇಡಿ.

ಆಮೇಲೆ ಹೆಸರು ಬದಲಾವಣೆ. ಮಾಲೀಕರು ತೀರಿಕೊಂಡಾಗ ಫಾರ್ಮ್ 31 ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ಉಳಿದ ವಾರಸುದಾರರು ಅಂದರೆ ನಿಮ್ಮ ಅಮ್ಮ ಮತ್ತು ಅಣ್ಣ. ಇಲ್ಲೇ ಎಷ್ಟೋ ಮನೆಗಳಲ್ಲಿ ಕೆಲಸ ನಿಲ್ಲುವುದು! ಗಾಡಿಗೆ ಖರ್ಚು ಮಾಡಿ ಮುಗಿದ ಮೇಲೆ, ಪಳಪಳ ಅನ್ನುವ ಗಾಡಿ ನೋಡಿದ ಮೇಲೆ, ಅದರಲ್ಲಿ ನನಗೂ ಪಾಲಿದೆ ಅನ್ನುವ ಮಾತು ಬರುತ್ತದೆ. ಗುಜರಿಗೆ ಹಾಕು ಅನ್ನುತ್ತಿರುವಾಗಲೇ ಅಣ್ಣನ ಸಹಿ ಪಡೆಯುವುದು ಸುಲಭ. ಮುಚ್ಚುಮರೆ ಬೇಡ. ಗಾಡಿಯನ್ನು ನಾನು ಇಟ್ಟುಕೊಳ್ಳುತ್ತೇನೆ, ಖರ್ಚೂ ನನ್ನದೇ ಅಂತ ಕೂತು ಮಾತಾಡಿ, ಬೇಕಿದ್ದರೆ ಇವತ್ತಿನ ಬೆಲೆಯಲ್ಲಿ ಅವರ ಪಾಲು ಕೊಟ್ಟು, ಸಹಿ ಹಾಕಿಸಿಕೊಳ್ಳಿ.

ನವೀಕರಣಕ್ಕೆ ಫಾರ್ಮ್ 25. ತಡವಾದದ್ದಕ್ಕೆ ದಂಡ, ಹಸಿರು ತೆರಿಗೆ ಸೇರುತ್ತವೆ. ಇನ್ಸ್‌ಪೆಕ್ಟರ್ ಗಾಡಿ ನೋಡಿ, ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಆರ್.ಸಿ. ಜೊತೆ ತಾಳೆ ಹಾಕುತ್ತಾರೆ. ಅಷ್ಟರಲ್ಲಿ ವಿಮೆ, ಹೊಗೆ ತಪಾಸಣೆ ಆಗಿರಬೇಕು. ಅಲ್ಲಿತನಕ ಗಾಡಿಯನ್ನು ಗೂಡ್ಸ್ ಆಟೊದಲ್ಲೇ ಸಾಗಿಸಿ. ಊರೊಳಗೆ ಒಂದು ರೌಂಡ್ ಅಂತ ಹೊರಟು, ವಿಮೆ ಇಲ್ಲದ ಗಾಡಿ ಯಾರಿಗಾದರೂ ತಾಗಿದರೆ ಅದರ ಹೊರೆ ಪೂರ್ತಿ ನಿಮ್ಮ ತಲೆ ಮೇಲೆ.

ಈಗ ನಿಮ್ಮ ಮೆಕ್ಯಾನಿಕ್ ಹೇಳಿದ "ಇನ್ನೊಂದು ಎಂಜಿನ್" ವಿಷಯಕ್ಕೆ ಬರೋಣ. ದಯವಿಟ್ಟು ಬೇಡ. ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲೆ, ಅಂದರೆ ಎಂಜಿನ್ನಿನ ಕೆಳಗಿನ ಹೊರಕವಚದ ಮೇಲೆ ಇರುತ್ತದೆ. ಬೇರೆ ಎಂಜಿನ್ ಕೂರಿಸಿದ ದಿನವೇ ನಿಮ್ಮ ಆರ್.ಸಿ.ಗೂ ಗಾಡಿಗೂ ತಾಳೆ ತಪ್ಪುತ್ತದೆ. ಆ ಎಂಜಿನ್ ಎಲ್ಲಿಂದ ಬಂತು, ಯಾರ ಗಾಡಿಯದ್ದು ಅನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಪೊಲೀಸ್ ಕೇಸಿನ ತನಕ ಹೋಗಬಹುದು. ಒಳಗಿನ ಪಿಸ್ಟನ್, ಬೇರಿಂಗ್, ಕನೆಕ್ಟಿಂಗ್ ರಾಡ್, ಗೇರ್, ಏನು ಬೇಕಾದರೂ ಬದಲಿಸಿ. ನಂಬರ್ ಇರುವ ಕೇಸ್ ಮಾತ್ರ ನಿಮ್ಮದೇ ಇರಲಿ. ಚಾಸಿ ನಂಬರಿಗೂ ಇದೇ ಮಾತು. ಅದು ಹ್ಯಾಂಡಲ್ ಕತ್ತಿನ ಹತ್ತಿರ ಒತ್ತಿರುತ್ತದೆ. ಪೇಂಟ್ ಮಾಡುವವರು ತುಕ್ಕು ತೆಗೆಯಲು ಗ್ರೈಂಡರ್ ಹಿಡಿದರೆ ಅಥವಾ ಸ್ಯಾಂಡ್‌ಬ್ಲಾಸ್ಟಿಂಗ್ ಜಾಸ್ತಿ ಹೊಡೆದರೆ ಅಕ್ಷರ ಅಳಿಸಿಹೋಗುತ್ತದೆ. ಈಗಲೇ ಆ ಜಾಗಕ್ಕೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ, ಫೋಟೊನೂ ತೆಗೆಯಿರಿ.

ಎಂಜಿನ್ ಯಾಕೆ ಜಾಮ್ ಆಗಿದೆ? ನಿಂತ ಗಾಡಿಯಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು. ಪಿಸ್ಟನ್ ರಿಂಗ್ ಉಕ್ಕಿನದೋ ಬೀಡು ಕಬ್ಬಿಣದ್ದೋ ಇರುತ್ತದೆ, ಸಿಲಿಂಡರಿನ ಒಳಗೋಡೆ ಬೀಡು ಕಬ್ಬಿಣ. ಮಳೆಗಾಲದ ತೇವ ಒಳಗೆ ಸೇರಿ, ರಿಂಗ್ ಮತ್ತು ಗೋಡೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಕ್ರ್ಯಾಂಕ್ ಬೇರಿಂಗೂ ತುಕ್ಕು ಹಿಡಿದಿರಬಹುದು. ಇದು ಒಡೆದದ್ದಲ್ಲ, ಅಂಟಿಕೊಂಡದ್ದು. ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡಿ. ರೋಡ್‌ಕಿಂಗಿನಲ್ಲಿ ಗೇರ್ ಲಿವರನ್ನೇ ಒಳಗೊತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ನೀವು ಬಲ ಹಾಕಿದರೆ ಒಳಗಿನ ಹಲ್ಲು ಮುರಿದು, ಇಲ್ಲದ ಇನ್ನೊಂದು ಕೆಲಸ ಹುಟ್ಟಿಕೊಳ್ಳುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಅರ್ಧರ್ಧ ಬೆರೆಸಿ ಒಂದು ಸಣ್ಣ ಲೋಟದಷ್ಟು ಹೊಯ್ದು ಬಿಡಿ. ಒಂದು ವಾರ ಹಾಗೇ ಇರಲಿ, ನಡುವೆ ಇನ್ನಷ್ಟು ಹಾಕಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರ ಹಿಡಿದು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಒಂದು ಕೂದಲೆಳೆಯಷ್ಟು ಸರಿದರೂ ಕೆಲಸ ಗೆದ್ದ ಹಾಗೆ. ಸರಿಯದಿದ್ದರೆ ಹೆಡ್ ತೆಗೆದು, ಸಿಲಿಂಡರ್ ಎತ್ತುವುದು. ಪಿಸ್ಟನ್ ತಲೆಗೆ ಸುತ್ತಿಗೆಯಲ್ಲಿ ಹೊಡೆಯಲು ಮಾತ್ರ ಯಾರಿಗೂ ಬಿಡಬೇಡಿ. ಟೂ-ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಪೆಟ್ರೋಲು ಗಾಳಿ ಒಳಬಂದು ಹೊಗೆ ಹೊರಹೋಗುವ ಕಿಟಕಿಗಳಿರುತ್ತವೆ. ಏಟಿಗೆ ರಿಂಗ್ ಅದರ ಅಂಚಿಗೆ ಸಿಕ್ಕಿ ತುಂಡಾಗುತ್ತದೆ, ಅಂಚೂ ಹೋಗುತ್ತದೆ.

ಚಾಲೂ ಮಾಡುವ ಮೊದಲು ಏರ್ ಫಿಲ್ಟರ್ ಡಬ್ಬ ಬಿಚ್ಚಿ ನೋಡಿ. ಕೊಟ್ಟಿಗೆ ಪಕ್ಕದ ಗಾಡಿಯಲ್ಲಿ ಇಲಿ ಗೂಡು ಇದ್ದೇ ಇರುತ್ತದೆ, ಭತ್ತದ ಹೊಟ್ಟು ಸಮೇತ. ಸೈಲೆನ್ಸರ್ ಬಾಯಿಗಳಿಗೆ ಟಾರ್ಚ್ ಹಾಕಿ. ಕಣಜದ ಹುಳ ಒಳಗೆ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ. ಅದು ಗೊತ್ತಾಗದೆ ಎಷ್ಟೋ ಜನ ಕಾರ್ಬ್ಯುರೇಟರನ್ನು ಮೇಲಿಂದ ಮೇಲೆ ಬಿಚ್ಚುತ್ತಾ ಕೂರುತ್ತಾರೆ.

ಎಂಜಿನ್ ತಿರುಗಿತು, ಚಾಲೂ ಆಯಿತು, ಆದ್ದರಿಂದ ಸರಿ ಇದೆ ಅಂತ ಬಿಟ್ಟುಬಿಡುವುದು ನಾನು ಜಾಸ್ತಿ ನೋಡುವ ತಪ್ಪು. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪೆಟ್ರೋಲು ಗಾಳಿ ಮೊದಲು ಅಲ್ಲಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಸಿಲಿಂಡರಿಗೆ ಹೋಗುತ್ತದೆ. ಆ ಕೋಣೆಯನ್ನು ಬಿಗಿಯಾಗಿ ಇಡುವುದು ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲ್. ಇಷ್ಟು ವರ್ಷದಲ್ಲಿ ಆ ರಬ್ಬರ್ ಕಲ್ಲಾಗಿರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನೇ ಹೀರುತ್ತದೆ, ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಕಮ್ಮಿಯಾಗುತ್ತಾ ಹೋಗುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಇನ್ನೂ ಅಪಾಯ. ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳ್ಳಗಾಗುತ್ತದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಓಡುತ್ತಿರುವಾಗಲೇ ಪಿಸ್ಟನ್ ಹಿಡಿದು ಹಿಂದಿನ ಚಕ್ರ ಲಾಕ್ ಆಗುತ್ತದೆ. ಹಾಗಾಗಿ ಎಂಜಿನ್ ಒಂದು ಸಲ ಪೂರ್ತಿ ಬಿಚ್ಚಲೇಬೇಕು. ಸೀಲ್, ಕ್ರ್ಯಾಂಕ್ ಬೇರಿಂಗ್ ಹೊಸದು. ಸಿಲಿಂಡರ್ ಗೋಡೆಯಲ್ಲಿ ತುಕ್ಕಿನ ಗುಳಿ ಇದ್ದರೆ ಬೋರ್ ಮಾಡಿಸಿ, ಅಂದರೆ ಗೋಡೆಯನ್ನು ತುಸು ಕೊರೆಸಿ ಅಗಲ ಮಾಡಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್. ಕನೆಕ್ಟಿಂಗ್ ರಾಡ್ ಬದಲಿಸುವುದಾದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಕೂಡಿಸಿ, ಡಯಲ್ ಗೇಜ್ ಇಟ್ಟು ನೇರ ನೋಡುವವರ ಹತ್ತಿರವೇ ಕೊಡಿ. ಕಣ್ಣಳತೆಯಲ್ಲಿ ಮಾಡಿದರೆ ಗಾಡಿ ನಡುಗುವುದು ನಿಲ್ಲುವುದಿಲ್ಲ.

ಸಾಮಾನು ಸಿಗುತ್ತದಾ ಅಂತ ಭಯ ಬೇಡ. ಯೆಜ್ಡಿ ತಯಾರಿಸುತ್ತಿದ್ದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರ್ ಅವರ ಕೈಯಲ್ಲಿ ಉದ್ಘಾಟನೆಯಾಗಿ, 1996ರ ತನಕ ಗಾಡಿ ಮಾಡಿತು. ಕಾರ್ಖಾನೆ ಮುಚ್ಚಿತು, ಕೆಲಸ ಬಲ್ಲವರು ಇದ್ದಾರೆ. ಅಲ್ಲಿ ದುಡಿದವರು, ಅವರ ಕೈಕೆಳಗೆ ಕಲಿತವರು ಈಗಲೂ ಮೈಸೂರಿನಲ್ಲಿ ಯೆಜ್ಡಿ ಬಿಚ್ಚಿ ಜೋಡಿಸುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳಲ್ಲಿ ಹುಡುಕಿದರೆ ಹಳೇ ಸಾಮಾನು ಸಿಗುತ್ತದೆ. ಹೊಸದಾಗಿ ಮಾಡಿದ ಲೋಕಲ್ ಸಾಮಾನೂ ಬರುತ್ತದೆ, ಅದರಲ್ಲಿ ಒಳ್ಳೆಯದೂ ಕಳಪೆಯೂ ಇದೆ. ರಬ್ಬರ್, ಕೇಬಲ್, ಸೀಟ್ ಕವರ್ ಹೊಸದೇ ತಗೊಳ್ಳಿ. ಗೇರ್, ಕಾರ್ಬ್ಯುರೇಟರ್, ಮೀಟರ್, ಟೂಲ್‌ಬಾಕ್ಸ್ ಮುಚ್ಚಳ, ಇವು ಎಷ್ಟೇ ಹಾಳಾಗಿ ಕಂಡರೂ ಎಸೆಯಬೇಡಿ. ನಿಮ್ಮ ಹಳೇ ಕಾರ್ಬ್ಯುರೇಟರ್ ತೊಳೆದು ಸರಿಮಾಡಿದರೆ ಇವತ್ತಿನ ನಕಲಿಗಿಂತ ಚೆನ್ನಾಗಿ ಕೆಲಸ ಮಾಡೀತು. ಗಾಡಿಯನ್ನು ಗ್ಯಾರೇಜಿಗೆ ಬಿಡುವಾಗ ಪ್ರತಿ ಬಿಡಿಭಾಗದ ಫೋಟೊ ಇಟ್ಟುಕೊಳ್ಳಿ, ಬಿಚ್ಚಿದ ಹಳೆಯದನ್ನೆಲ್ಲ ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿ.

ಪೆಟ್ರೋಲ್ ಟ್ಯಾಂಕ್ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಖಾಲಿ ಇದೆ, ವರ್ಷಗಟ್ಟಲೆ ಒಣಗಿದೆ ಅಂತ ಹೇಳಿ ಅದಕ್ಕೆ ವೆಲ್ಡಿಂಗ್ ಹಿಡಿಸಬೇಡಿ. ಒಳಗೆ ಉಳಿದ ಆವಿಯೇ ಸಾಕು, ಟ್ಯಾಂಕ್ ಸಿಡಿಯುತ್ತದೆ. ಒಳಗಿನ ತುಕ್ಕಿಗೆ ಬಟ್ಟೆ ಸೋಡಾ ಬೆರೆಸಿದ ನೀರು ತುಂಬಿ, ಬ್ಯಾಟರಿ ಚಾರ್ಜರಿನಿಂದ ಕರೆಂಟ್ ಹಾಯಿಸುವ ಪದ್ಧತಿ ಇದೆ. ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಳಗೆ ಇಳಿಬಿಟ್ಟ ಮಾಮೂಲಿ ಕಬ್ಬಿಣದ ಸರಳಿಗೆ, ಸರಳು ಟ್ಯಾಂಕಿಗೆ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲಿನ ಚಮಚ, ರಾಡ್ ಬಳಸಬೇಡಿ, ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಈ ಕೆಲಸ ಬಯಲಲ್ಲೇ ಆಗಬೇಕು, ಬೆಂಕಿ ಹತ್ತುವ ಹೈಡ್ರೋಜನ್ ಏಳುತ್ತದೆ. ಅದರ ಕಷ್ಟ ಬೇಡ ಅಂದರೆ ರೇಡಿಯೇಟರ್, ಟ್ಯಾಂಕ್ ಕೆಲಸ ಬಲ್ಲವರ ಹತ್ತಿರ ಕೊಡಿ.

ಬಣ್ಣಕ್ಕೆ ಬರೋಣ. ಇಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಬಣ್ಣ ಹೊಡೆಸಬೇಡಿ, ಕನಿಷ್ಠ ಮೊದಲ ವರ್ಷ. ಮೂಲ ಬಣ್ಣ ಒಂದೇ ಸಲ ಇರುತ್ತದೆ. ಟ್ಯಾಂಕಿನ ಎರಡು ಬದಿಯಲ್ಲಿ ನಿಮ್ಮ ಅಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಸವೆದಿರುತ್ತದೆ, ಹೋಗಿ ನೋಡಿ. ಅದನ್ನು ಪೇಂಟ್ ಅಂಗಡಿಯವರು ಒಂದೇ ಮಧ್ಯಾಹ್ನದಲ್ಲಿ ಉಜ್ಜಿ ತೆಗೆಯುತ್ತಾರೆ, ಮತ್ತೆ ಯಾರಿಂದಲೂ ತರಲಾಗದು. ಧೂಳು ಒರೆಸಿ, ಸೋಪಿನ ನೀರಲ್ಲಿ ತೊಳೆದು, ಮೇಣದ ಪಾಲಿಶ್ ಹಾಕಿದರೆ ಆ ಹಳೇ ಬಣ್ಣವೇ ಎಷ್ಟು ಎದ್ದು ಬರುತ್ತದೆ ಅಂತ ಆಶ್ಚರ್ಯಪಡುತ್ತೀರಿ. ಕ್ರೋಮಿಗೂ ಅವಸರ ಬೇಡ. ಮರು ಕ್ರೋಮಿಗೆ ಮೊದಲು ಲೋಹವನ್ನು ಉಜ್ಜಿ ತೆಳ್ಳಗೆ ಮಾಡುತ್ತಾರೆ. ಅಡಿಯಲ್ಲಿ ನಿಕಲ್ ಪದರ ಸರಿಯಾಗಿ ಕೂರಿಸದಿದ್ದರೆ ಎರಡು ಮಳೆಗಾಲಕ್ಕೆ ಮತ್ತೆ ತುಕ್ಕು. ಪೂರ್ತಿ ರೆಸ್ಟೋರೇಷನ್ ಬಿಲ್ಲಿನಲ್ಲಿ ಎಂಜಿನ್‌ಗಿಂತ ಬಣ್ಣ, ಕ್ರೋಮೇ ಜಾಸ್ತಿ ದುಡ್ಡು ತಿನ್ನುತ್ತವೆ.

ಇವತ್ತಿನ ಪೆಟ್ರೋಲಿನಲ್ಲಿ ಶೇ 20ರ ತನಕ ಎಥನಾಲ್ ಇರುತ್ತದೆ. 1984ರಲ್ಲಿ ಗಾಡಿ ಮಾಡಿದವರು ಇದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ನೀರಿನ ಅಂಶ ಟ್ಯಾಂಕಿನ ತಳಕ್ಕಿಳಿದು ತುಕ್ಕು ಶುರುವಾಗುತ್ತದೆ. ಹಳೇ ಪೆಟ್ರೋಲ್ ಪೈಪ್, ಕಾಕ್‌ನ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ವಾಷರ್ ಮೆತ್ತಗಾಗುತ್ತವೆ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಮಿಶ್ರಣ ತುಸು ತೆಳ್ಳಗಾಗುತ್ತದೆ. ಪೈಪ್, ವಾಷರ್ ಎಥನಾಲ್ ತಡೆಯುವಂಥದ್ದು ಹಾಕಿಸಿ. ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನ ಪೆಟ್ರೋಲ್ ಖಾಲಿಯಾಗುವ ತನಕ ಎಂಜಿನ್ ಓಡಿಸಿ ನಿಲ್ಲಿಸಿ. ಒಂದಷ್ಟು ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಒಂದು ಸೈಜ್ ದೊಡ್ಡ ಮೇನ್ ಜೆಟ್ ಬೇಕು. ಪ್ಲಗ್‌ಗೆ ಕಿಡಿ ಕೊಡಿಸುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6. ಸಂದು ಅಳೆಯುವ ಒಂದು ಫೀಲರ್ ಗೇಜ್ ಕೊಂಡು ಇದನ್ನು ನೀವೇ ಕಲಿಯಿರಿ.

ಪೆಟ್ರೋಲಿಗೆ ಬೆರೆಸುವ ಆಯಿಲ್ ಎಷ್ಟು? ಹಳೇ ಲೆಕ್ಕ 25ಕ್ಕೆ 1, ಅಂದರೆ ಲೀಟರಿಗೆ 40 ಮಿ.ಲೀ. ಬೋರ್ ಮಾಡಿಸಿದ ಹೊಸದರಲ್ಲಿ 50 ಹಾಕಿ. ಜಾಸ್ತಿ ಹಾಕಿದಷ್ಟೂ ಎಂಜಿನಿಗೆ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ಆಯಿಲ್ ಜಾಸ್ತಿಯಾದಷ್ಟೂ ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಮ್ಮಿಯಾಗುತ್ತದೆ. ಜೊತೆಗೆ ಸೈಲೆನ್ಸರ್ ಒಳಗೆ ಮಸಿ ಕಟ್ಟಿ ಗಾಡಿ ಎಳೆಯುವುದಿಲ್ಲ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಕಾರ್ಖಾನೆಯಿಂದ ಈಗಷ್ಟೇ ಬಂದ ಹಾಗೆ ಪೂರ್ತಿ ರೆಸ್ಟೋರೇಷನ್. ನೋಡಲು ಚೆಂದ. ಆದರೆ ಹಾಕಿದ ದುಡ್ಡು ಮಾರುವಾಗ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಗೀರು ಬಿದ್ದೀತು ಅನ್ನುವ ಭಯಕ್ಕೆ ಎಷ್ಟೋ ಜನ ಅಂಥ ಗಾಡಿಯನ್ನು ಓಡಿಸುವುದೇ ಇಲ್ಲ. ಇನ್ನೊಂದು, 12 ವೋಲ್ಟ್, ಎಲೆಕ್ಟ್ರಾನಿಕ್ ಇಗ್ನಿಷನ್, ಬೇರೆ ಕಾರ್ಬ್ಯುರೇಟರ್ ಹಾಕಿ ಇವತ್ತಿನ ಬಳಕೆಗೆ ಬದಲಿಸುವುದು. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಬೆಳಿಗ್ಗೆ ಬೇಗ ಚಾಲೂ ಆಗುತ್ತದೆ. ಮಾಡಿಸುವುದಾದರೆ ಬೇಕೆಂದಾಗ ವಾಪಸ್ ಮೂಲಕ್ಕೆ ತರುವ ಹಾಗೆ ಮಾಡಿಸಿ. ಫ್ರೇಮ್ ಕತ್ತರಿಸುವುದು, ಡಿಸ್ಕ್ ಬ್ರೇಕಿಗೆ ಬೆಸುಗೆ ಹಾಕುವುದು ಬೇಡ. ಮೂರನೆಯದು, ಎಂಜಿನ್, ಬ್ರೇಕ್, ಟೈರ್, ವೈರಿಂಗ್ ಪೂರ್ತಿ ಸರಿಮಾಡಿಸಿ, ಹೊರಮೈಯನ್ನು ಇದ್ದ ಹಾಗೇ ಉಳಿಸಿಕೊಳ್ಳುವುದು. ನಿಮಗೆ ನಾನು ಹೇಳುವುದು ಇದನ್ನೇ. ಟೈರ್ ಮೇಲಿನ ಅಚ್ಚು ಸವೆದಿಲ್ಲ ಅಂತ ಹಳೇ ಟೈರ್ ಉಳಿಸಬೇಡಿ, ರಬ್ಬರ್ ಸತ್ತಿರುತ್ತದೆ. ಬ್ರೇಕ್ ಶೂ ಹೊಸದು ಹಾಕಿಸಿ. ಹಳೇ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ದಿನಾ ಆಫೀಸಿಗೆ ಬೇಡ. ಡ್ರಮ್ ಬ್ರೇಕು ಇವತ್ತಿನ ಟ್ರಾಫಿಕ್ಕಿನಲ್ಲಿ ಮುಂದಿನ ಕಾರು ನಿಂತಷ್ಟು ಬೇಗ ನಿಲ್ಲುವುದಿಲ್ಲ. ನಿಂತು ಹೊರಡುವ ಓಟದಲ್ಲಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಭಾನುವಾರ ಬೆಳಿಗ್ಗೆ ಹಾಸನದಿಂದ ಬೇಲೂರಿಗೆ ಹೋಗಿ ಬನ್ನಿ. ಆಗ ಗೊತ್ತಾಗುತ್ತದೆ, ಜನ ಯಾಕೆ ಇದಕ್ಕೆ ಬೀಳುತ್ತಾರೆ ಅಂತ. ಈ ಎಂಜಿನ್ ಒಳಗೆ ಮುಖ್ಯವಾಗಿ ಓಡಾಡುವುದು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಮೂರೇ. ವಾಲ್ವ್ ಇಲ್ಲ, ಆಯಿಲ್ ಪಂಪ್ ಇಲ್ಲ. ಪೆಟ್ರೋಲ್ ತನ್ನ ಪಾಡಿಗೆ ಕೆಳಗಿಳಿಯುತ್ತದೆ, ಪಿಸ್ಟನ್ನೇ ಕಿಟಕಿ ತೆರೆದು ಮುಚ್ಚುತ್ತದೆ. ಒಬ್ಬ ಮನುಷ್ಯ ಕೂತು ಪೂರ್ತಿ ಅರ್ಥ ಮಾಡಿಕೊಳ್ಳಬಹುದಾದ ಯಂತ್ರ ಇದು. ಐಡ್ಲಿಂಗಿನಲ್ಲಿ ತಾಳ ತಪ್ಪಿದ ಹಾಗೆ ಡುಗ್, ಡುಗ್‌ಡುಗ್ ಅನ್ನುತ್ತದಲ್ಲ, ಅದಕ್ಕೂ ಕಾರಣ ಇದೆ. ಎಂಜಿನ್ ಮೆಲ್ಲಗೆ ತಿರುಗುವಾಗ ಹಳೇ ಹೊಗೆ ಪೂರ್ತಿ ಹೊರಗೆ ಹೋಗುವುದಿಲ್ಲ. ಹಾಗಾಗಿ ಕೆಲವು ಸುತ್ತಿನಲ್ಲಿ ಕಿಡಿ ಬಿದ್ದರೂ ಬೆಂಕಿ ಹತ್ತುವುದಿಲ್ಲ, ಮುಂದಿನ ಸುತ್ತಿನಲ್ಲಿ ಹತ್ತುತ್ತದೆ. ಆಕ್ಸಿಲರೇಟರ್ ಕೊಟ್ಟ ಕೂಡಲೇ ತಾಳ ಕೂಡಿಕೊಳ್ಳುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗೆ ಆ ಸದ್ದು ಹಳತಾಗಿಲ್ಲ.

60,000ದ ಮಾತಿಗೆ ಈಗ ಉತ್ತರ ಕೊಡಬೇಡಿ. ನಿಂತ ಗಾಡಿಯನ್ನು ಇದ್ದ ಹಾಗೇ ಕೇಳುವವರು ಹೆಚ್ಚಾಗಿ ಅದರ ಸಾಮಾನು ಮತ್ತು ಕಾಗದ ನೋಡಿ ಕೇಳುತ್ತಾರೆ. ನಿಮ್ಮ ಹೆಸರಿಗೆ ಬಂದು, ಆರ್.ಸಿ. ನವೀಕರಣವಾದ ಗಾಡಿಗೆ ಗಿರಾಕಿ ಆಗಲೂ ಇರುತ್ತಾರೆ, ಬೆಲೆಯೂ ಇಳಿದಿರುವುದಿಲ್ಲ. ನಿಮ್ಮ ಮೆಕ್ಯಾನಿಕ್ ಬಗ್ಗೆ ಅನುಮಾನವಿದ್ದರೆ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಡೆಯುವ ಜಾವಾ-ಯೆಜ್ಡಿ ದಿನಕ್ಕೆ ಗಾಡಿಯ ಫೋಟೊ ಹಿಡಿದುಕೊಂಡು ಹೋಗಿ. ಯಾರ ಕೈ ಒಳ್ಳೆಯದು, ಯಾರ ಹತ್ತಿರ ಬೋರ್ ಮಾಡಿಸಬೇಕು ಅಂತ ಅಲ್ಲಿಗೆ ಬಂದವರು ತಾವಾಗೇ ಹೇಳುತ್ತಾರೆ.

ಈ ವಾರ ಮಾಡಬೇಕಾದ್ದು ಮೂರು ಕೆಲಸ: ಪ್ಲಗ್ ತೂತಿಗೆ ಡೀಸೆಲ್-ಆಯಿಲ್, ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಅಣ್ಣನ ಜೊತೆ ಮಾತು. ಅಮ್ಮನನ್ನೂ ಕೂರಿಸಿಕೊಂಡೇ ಆ ಮಾತಾಡಿ, ಒಪ್ಪಿಗೆ ಪತ್ರಕ್ಕೆ ಅವರ ಸಹಿಯೂ ಬೇಕು.